ವಿದೇಶ ವ್ಯಾಪಾರದ ಅಂಕಿಅಂಶದಿಂದ ಬಂದರಿಗೆ ಬೇಕಾಗುವ ಲಾರಿಗಳನ್ನು ಅಂದಾಜಿಸುವುದು ಹೇಗೆ?

ಆಮದು-ರಫ್ತಿನ ಅಂಕಿಅಂಶ ನೋಡಿ ಮಂಗಳೂರು ಬಂದರಿಗೆ ಐದು ವರ್ಷದ ನಂತರ ಎಷ್ಟು ಲಾರಿ ಬೇಕಾಗುತ್ತದೆ ಎಂದು ಹೇಳಬಹುದೇ ಅಂತ ಕೇಳಿದ್ದೀರಿ. ಹೇಳಬಹುದು. ಆದರೆ ರಫ್ತಿನ ಮೊತ್ತ ಎಷ್ಟು ಏರಿತೋ ಲಾರಿಯೂ ಅಷ್ಟೇ ಏರುತ್ತದೆ ಎಂದು ಹಿಡಿದರೆ ಲೆಕ್ಕ ಮೊದಲ ಹೆಜ್ಜೆಯಲ್ಲೇ ಕೆಡುತ್ತದೆ. ಸರಕು ಸಾಗಣೆಯ ಯೋಜನೆಯೇ ನನ್ನ ಕೆಲಸ. ಈ ತಪ್ಪನ್ನು ವರದಿಗಳಲ್ಲಿ ಮತ್ತೆ ಮತ್ತೆ ನೋಡುತ್ತೇನೆ.

ಕಾಫಿಯನ್ನೇ ತೆಗೆದುಕೊಳ್ಳಿ. 2024-25ರಲ್ಲಿ ಭಾರತದ ಕಾಫಿ ರಫ್ತಿನ ಮೌಲ್ಯ ಜಿಗಿದದ್ದು ಮುಖ್ಯವಾಗಿ ದರ ಏರಿದ್ದರಿಂದ. ಹಾಸನ, ಕುಶಾಲನಗರದಲ್ಲಿ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳಿಂದ ಘಟ್ಟ ಇಳಿಯುವ ಮೂಟೆಗಳು ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಹಾಗಾಗಿ ಒಂದೊಂದು ಸರಕನ್ನೂ ಮೊದಲು ಟನ್ನಿಗೆ ಇಳಿಸಿ. 20 ಅಡಿಯ ಕಂಟೇನರಿಗೆ ಮೂಟೆ ಕಾಫಿ ಸುಮಾರು 19 ಟನ್ ಹಿಡಿಯುತ್ತದೆ. ಅಲ್ಲಿಂದ ಲೋಡುಗಳ ಸಂಖ್ಯೆ ಸಿಗುತ್ತದೆ.

ಆಮೇಲೆ ದಿಕ್ಕು. ಆಫ್ರಿಕಾದಿಂದ ಹಸಿ ಗೋಡಂಬಿ ತುಂಬಿ ಬಂದ ಕಂಟೇನರನ್ನು ಹೊತ್ತೊಯ್ಯುವ ಟ್ರೇಲರಿಗೆ ವಾಪಸು ಲೋಡು ಸಿಗಬಹುದು, ಅದಿರಿನಂಥ ಬಿಡಿ ಸರಕು ಸುರಿಯುವ ಟಿಪ್ಪರಿಗೆ ಸಿಗುವುದಿಲ್ಲ. ಒಟ್ಟು ಟನ್ ಕೂಡಿಸಿ ಸರಾಸರಿ ತೆಗೆದರೆ ಖಾಲಿ ಓಡಾಟವೆಲ್ಲ ಮರೆಯಾಗುತ್ತದೆ. ವಾಹನದ ಬಗೆಯ ಪ್ರಕಾರವೇ ಲೆಕ್ಕ ಹಾಕಿ, ಹೆಚ್ಚು ಲೋಡು ಇರುವ ದಿಕ್ಕನ್ನು ಹಿಡಿಯಿರಿ.

ಇಷ್ಟೆಲ್ಲ ಮಾಡಿದರೂ ಒಂದು ಸರ್ಕಾರಿ ಆದೇಶ ಎಲ್ಲವನ್ನೂ ತಲೆಕೆಳಗು ಮಾಡಬಲ್ಲದು. ಚೀನಾದ ಉಕ್ಕಿನ ಹಸಿವಿಗೆ ಬಳ್ಳಾರಿ-ಹೊಸಪೇಟೆಯ ಕಬ್ಬಿಣದ ಅದಿರು ಲಾರಿಗಳಲ್ಲಿ ಕರಾವಳಿಗೆ ಹರಿಯುತ್ತಿದ್ದ ಕಾಲದಲ್ಲಿ, ಚೀನಾದ ಬೆಳವಣಿಗೆ ದರವನ್ನೇ ನೆಚ್ಚಿ ಮುಂದಿನ ಹತ್ತು ವರ್ಷಕ್ಕೆ ಗೆರೆ ಎಳೆಯುವುದು ಸುಲಭವಿತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಸಾಲ ಮಾಡಿ ಲಾರಿ ಕೊಂಡವರ ಪಾಡು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಚೀನಾದಲ್ಲಿ ಬೇಡಿಕೆ ಇತ್ತು, ಇಲ್ಲಿ ಲೋಡು ಇರಲಿಲ್ಲ. 2022ರ ಮೇ 20ರಂದು ಕೋರ್ಟ್ ರಫ್ತಿಗೆ ಮತ್ತೆ ಅನುಮತಿ ಕೊಟ್ಟಿತು. ಮರುದಿನವೇ ಕೇಂದ್ರ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿತು, ನವೆಂಬರಿನಲ್ಲಿ ಇಳಿಸಿತು.

ದೇಶಗಳ ಆರ್ಥಿಕ ಗಾತ್ರ ಮತ್ತು ದೂರದ ಮೇಲೆ ವ್ಯಾಪಾರವನ್ನು ಅಂದಾಜಿಸುವ ಗ್ರಾವಿಟಿ ಮಾದರಿಗೆ ಇಂಥ ಆದೇಶ ಮೊದಲೇ ಕಾಣುವುದಿಲ್ಲ. ಆದ್ದರಿಂದ ಒಂದೇ ಸಂಖ್ಯೆ ಕೊಡಬೇಡಿ. ಅದಿರು ಹೋದರೆ ಎಷ್ಟು, ನಿಂತರೆ ಎಷ್ಟು ಎಂದು ಎರಡೂ ಬರೆಯಿರಿ. ಕಾಫಿ, ಗೋಡಂಬಿಗೆ ತಿಂಗಳವಾರು ಲೆಕ್ಕ ಬೇಕು, ಏಕೆಂದರೆ ವರ್ಷದ ಸರಾಸರಿಯಲ್ಲಿ ಸುಗ್ಗಿಯ ಒತ್ತಡ ಕಾಣುವುದಿಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದರೆ ಅದೇ ಲೋಡಿಗೆ ಹೆಚ್ಚು ದಿನ, ಹೆಚ್ಚು ಲಾರಿ ಬೇಕಾಗುತ್ತದೆ ಎಂಬುದನ್ನೂ ಸೇರಿಸಿ. ಅಂಕಿಗೆ ಕೋಲ್ಕತ್ತಾದ ವಾಣಿಜ್ಯ ಮಾಹಿತಿ ಮತ್ತು ಅಂಕಿಅಂಶ ಮಹಾನಿರ್ದೇಶನಾಲಯದ (DGCI&S) ದತ್ತಾಂಶದಲ್ಲಿ ರೂಪಾಯಿಯ ಕಾಲಂ ಬಿಟ್ಟು ಪ್ರಮಾಣದ ಕಾಲಂನಿಂದ ಶುರುಮಾಡಿ.