ಬಲಪುಟ ಖಾಲಿಯಿದ್ದ ನೋಟ್‌ಪುಸ್ತಕ

(ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದೆ.)

ಸುಮತಿಗೆ 38 ವರ್ಷ. ಕಾಸರಗೋಡಿನ ಒಳನಾಡಿನ ಅಡಿಕೆ ತೋಟದ ಮನೆಯವರು. ಒಂದನೇ ತರಗತಿಯಿಂದ ಕನ್ನಡ ಮಾಧ್ಯಮ, ಆಮೇಲೆ ಶಿಕ್ಷಕ ತರಬೇತಿ, ಅರ್ಹತಾ ಪರೀಕ್ಷೆಯೂ ಪಾಸು. 1956ರ ನವೆಂಬರ್ 1ರಿಂದ ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡದಲ್ಲಿ ಕಲಿತ ಹೆಣ್ಣುಮಕ್ಕಳ ಕಣ್ಣು ಮೊದಲು ಹೋಗುವುದು ಶಾಲೆಯ ಕಡೆಗೇ. ಸರ್ಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಕೇರಳ ಲೋಕಸೇವಾ ಆಯೋಗದ (ಪಿಎಸ್‌ಸಿ) ರ‍್ಯಾಂಕ್ ಪಟ್ಟಿಯಲ್ಲಿ ಅವರ ಹೆಸರಿತ್ತು. ಪಟ್ಟಿಯ ಆಯುಷ್ಯ ಹೆಚ್ಚೆಂದರೆ 3 ವರ್ಷ. ಅವರ ಸರದಿ ಬರುವ ಮೊದಲೇ ಅದು ಮುಗಿಯಿತು. ಈಗ ದಿನಗೂಲಿಯ ಟೀಚರ್. ರಜೆ ಸಿಕ್ಕರೆ ಸಂಬಳವಿಲ್ಲ.

ಮೇ ತಿಂಗಳಲ್ಲಿ ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ ಅವರು ಹೇಳಿದ ಮೊದಲ ಮಾತು: "ಅಕ್ಕಾ, ನಾನು ಹನ್ನೊಂದು ಪುಸ್ತಕ ಓದಿದೆ. ಒಂದೂ ನನ್ನನ್ನು ಬದಲಿಸಲಿಲ್ಲ. ದೋಷ ನನ್ನಲ್ಲೇ ಇರಬೇಕು."

ಊರಿನ ಗ್ರಂಥಾಲಯದಲ್ಲಿ ಕನ್ನಡಕ್ಕೆ ಇರುವುದು ಒಂದೇ ಕಪಾಟು. ಅದರಲ್ಲಿದ್ದ ಆತ್ಮವಿಶ್ವಾಸದ ಪುಸ್ತಕಗಳನ್ನೆಲ್ಲ ತಂದು ಓದಿದ್ದರು. ಹಿಡಿಸಿದ ಸಾಲುಗಳನ್ನು ಒಂದು ನೋಟ್‌ಪುಸ್ತಕದ ಎಡಪುಟಗಳಲ್ಲಿ ದುಂಡಗೆ ಬರೆದಿಟ್ಟಿದ್ದರು. ಬಲಪುಟಗಳು ಖಾಲಿ. ಏಕೆಂದು ಕೇಳಿದರೆ, "ಅಲ್ಲಿ ನನ್ನ ಯಶಸ್ಸು ಬರೆಯಬೇಕೆಂದಿದ್ದೆ" ಎಂದರು.

ಪುಸ್ತಕದ ಮಾತಿಗೆ ಮೊದಲು ಇನ್ನೊಂದನ್ನು ಕೇಳಬೇಕಿತ್ತು. ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. "ಸಾಯಬೇಕೆಂದಿಲ್ಲ. ಬೆಳಗಾಗುವುದು ಬೇಡ ಅನಿಸುತ್ತದೆ." ಇಂಥ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅದೇ ವಾರ ಮನೋವೈದ್ಯರನ್ನು ಕಾಣುವಂತೆ ಏರ್ಪಾಡು ಮಾಡಿದೆ, ಅವರ ಒಪ್ಪಿಗೆಯಿಂದ ತಮ್ಮನಿಗೂ ವಿಷಯ ತಿಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ಉಳಿಸಿಕೊಳ್ಳಲು ಹೇಳಿದೆ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ಎರಡು ವಾರಕ್ಕೂ ಮೀರಿ ಮನಸ್ಸು ಕುಸಿದೇ ಇದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ಪುಸ್ತಕವೊಂದೇ ಸಾಲದು.

ಆ ದಿನ ನಾನೊಂದು ತಪ್ಪು ಮಾಡಿದೆ. "ಸದ್ಯಕ್ಕೆ ಈ ಪುಸ್ತಕಗಳನ್ನು ಓದಬೇಡಿ" ಎಂದುಬಿಟ್ಟೆ. ಎರಡನೆಯ ಭೇಟಿಗೆ ಬಂದಾಗ ಅವರ ಮುಖ ಇನ್ನಷ್ಟು ಬಾಡಿತ್ತು. ರಾತ್ರಿ ಪಾತ್ರೆ ತೊಳೆದಾದ ಮೇಲಿನ ಆ ಅರ್ಧ ಗಂಟೆ ದಿನದಲ್ಲಿ ಅವರದೆನ್ನಲು ಇದ್ದ ಒಂದೇ ಹೊತ್ತು. ಅದನ್ನು ನಾನು ಕಿತ್ತುಕೊಂಡಿದ್ದೆ. ಕ್ಷಮೆ ಕೇಳಿದೆ, ನೋಟ್‌ಪುಸ್ತಕ ತೆರೆಯಲು ಹೇಳಿದೆ.

ಎಡಪುಟದಲ್ಲಿ 'ನಿನ್ನ ಬದುಕಿಗೆ ನೀನೇ ಹೊಣೆ' ಎಂಬರ್ಥದ ಸಾಲಿತ್ತು. ಅದನ್ನು ಓದಿದಾಗ ಮನಸ್ಸು ಏನು ಹೇಳುತ್ತದೆ ಎಂದು ಕೇಳಿದೆ. "ನಾನು ಸೋತವಳು, ಕನ್ನಡ ಕಲಿತು ಕೆಟ್ಟೆ." ಬಲಪುಟದಲ್ಲಿ ನಡೆದದ್ದನ್ನಷ್ಟೇ ಬರೆಯಿರಿ ಎಂದೆ. ಬಹಳ ಹೊತ್ತು ಪೆನ್ನು ಹಿಡಿದು ಕುಳಿತು ಬರೆದರು: 'ಪರೀಕ್ಷೆ ಪಾಸಾದೆ. ಪಟ್ಟಿಯಲ್ಲಿ ಬಂದೆ. ಖಾಲಿ ಹುದ್ದೆ ಸಾಕಷ್ಟಿರಲಿಲ್ಲ. ಅವಧಿ ಮುಗಿಯಿತು.' ನಾಲ್ಕು ವಾಕ್ಯಗಳಲ್ಲಿ ಎರಡು ಅವರ ಗೆಲುವು, ಉಳಿದೆರಡು ಅವರ ಕೈಯಲ್ಲಿರಲಿಲ್ಲ. ಕಷ್ಟವನ್ನು ಬೇರೆ ಕೋನದಿಂದ ನೋಡುವುದೆಂದರೆ ನನ್ನ ಪ್ರಕಾರ ಇಷ್ಟೇ: ನಡೆದದ್ದನ್ನೂ, ಅದಕ್ಕೆ ನಾವು ಅಂಟಿಸಿದ ಅರ್ಥವನ್ನೂ ಬಿಡಿಸಿಡುವುದು. ನಷ್ಟವನ್ನು ಲಾಭವೆಂದು ನಂಬಿಸಿಕೊಳ್ಳಬೇಕಾಗಿಲ್ಲ. ಕೆಲಸ ಸಿಗದ ನೋವು ನಿಜ. ಅದಕ್ಕೆ ಅಳುವುದೂ ಸರಿಯೇ.

ಮುಂದಿನ ಮಾತು ಅವರಿಂದಲೇ ಬಂತು. ಕಾಯಿ ಕೊಳೆಯುವ ಮಹಾಳಿ ರೋಗಕ್ಕೆ ಅಡಿಕೆಗೆ ಮದ್ದು ಬಿಡುವ ಸಮಯ ಅದು. ಆ ಮದ್ದು, ಅಂದರೆ ಬೋರ್ಡೋ ದ್ರಾವಣ, ಕಲಸುವುದು ಮನೆಯಲ್ಲಿ ಅವರ ಕೆಲಸ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. "ಕಲಸಿದ ಮೇಲೆ ಕತ್ತಿಯ ಅಲಗು ಅದ್ದಿ ನೋಡುತ್ತೇವೆ ಅಕ್ಕಾ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಬಿಟ್ಟರೆ ಮದ್ದೇ ಅಡಿಕೆಯನ್ನು ಸುಡುತ್ತದೆ." ಸ್ವಲ್ಪ ತಡೆದು ಎಡಪುಟದ ಮೇಲೆ ಬೆರಳಿಟ್ಟರು. "ಈ ಸಾಲಿಗೆ ಸುಣ್ಣ ಸಾಲದು."

ಇಷ್ಟು ವರ್ಷಗಳಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಸಲಹೆಯನ್ನು ಅದರ ಮೇಲೆಯೇ ಕಟ್ಟಿದೆ. ಒಂದು ಸಲಕ್ಕೆ ಒಂದೇ ಪುಸ್ತಕ. ಓದಿ ಮುಚ್ಚಿದಾಗ ನಾಳೆ ಮಾಡಬಹುದಾದ ಒಂದು ಸಣ್ಣ ಕೆಲಸ ಹೊಳೆದರೆ ಮುಂದುವರಿಸಿ. ನಿಮ್ಮನ್ನೇ ಬೈದುಕೊಳ್ಳುವಂತಾದರೆ ಆ ಅಧ್ಯಾಯ ಬಿಡಿ, ಬೇಕಾದರೆ ಪುಸ್ತಕವನ್ನೇ ಬಿಡಿ. ಹಿಡಿಸಿದ ಸಾಲನ್ನು ನಕಲು ಮಾಡಬೇಡಿ, ಮನೆಯಲ್ಲಿ ಆಡುವ ಮಾತಿನಲ್ಲಿ ಬಲಪುಟದಲ್ಲಿ ತಿರುಗಿ ಬರೆಯಿರಿ. ಬೇರೆಯವರ ವಾಕ್ಯಕ್ಕೆ ನಿಮ್ಮ ಮನೆಯ ಕಥೆ ಗೊತ್ತಿರುವುದಿಲ್ಲ. ಓದಿದ್ದನ್ನು ವಾರಕ್ಕೊಮ್ಮೆಯಾದರೂ ಒಬ್ಬರ ಜೊತೆ ಮಾತನಾಡಿ. ವೈದ್ಯರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.

ಜುಲೈಯ ನಾಲ್ಕನೆಯ ಭೇಟಿಯಲ್ಲಿ ನಿದ್ದೆ ಸುಧಾರಿಸಿತ್ತು. ಹತ್ತು ಪುಸ್ತಕಗಳು ಕಪಾಟಿಗೆ ಮರಳಿದ್ದವು, ಒಂದು ಉಳಿದಿತ್ತು. ಕೆಲಸ ಕಾಯಂ ಆಗಿಲ್ಲ, ನೆರೆಯವರ ಪ್ರಶ್ನೆಗಳೂ ನಿಂತಿಲ್ಲ. ಬಲಪುಟದಲ್ಲಿ ಹೊಸದಾಗಿ ಬರೆದದ್ದನ್ನು ಓದಿದರು: 'ಮೂರನೇ ತರಗತಿಯ ಹುಡುಗನಿಗೆ ಒತ್ತಕ್ಷರ ಓದಲು ಬಂತು. ಕಲಿಸಿದ್ದು ನಾನು.'

ಮುಂದಿನ ಭೇಟಿಯ ದಿನ ಕೇಳಿದಾಗ, ಅಡಿಕೆಗೆ ಎರಡನೆಯ ಸಲ ಮದ್ದು ಬಿಟ್ಟಾದ ಮೇಲೆ ಬರುತ್ತೇನೆ ಎಂದರು.