ಕಚ್ಚಾ ತೈಲ ಇಳಿದರೂ ಬಂಕಿನ ದರ ಏಕೆ ಇಳಿಯುತ್ತಿಲ್ಲ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಪೆಟ್ರೋಲ್, ಡೀಸೆಲ್ ದರದ ಬಗ್ಗೆಯೇ ಇದ್ದವು. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ. ಲೆಕ್ಕಕ್ಕೆ ಬಳಸಿರುವುದು 2025ರ ಏಪ್ರಿಲ್‌ನ ತೆರಿಗೆ ದರಗಳನ್ನು.

ಪ್ರಶ್ನೆ: ಕಚ್ಚಾ ತೈಲ ಬ್ಯಾರೆಲಿಗೆ ಹತ್ತು ಡಾಲರ್ ಇಳಿಯಿತು ಎಂದು ಟಿವಿಯಲ್ಲಿ ಹೇಳುತ್ತಾರೆ. ನಮ್ಮೂರ ಬಂಕಿನಲ್ಲಿ ಹತ್ತು ಪೈಸೆಯೂ ಕಡಿಮೆಯಾಗುವುದಿಲ್ಲ. ಏರುವಾಗ ಮಾತ್ರ ತಡವಿಲ್ಲ. ಆ ಹತ್ತು ಡಾಲರ್ ಎಲ್ಲಿಗೆ ಹೋಗುತ್ತದೆ? – ಕಾಫಿ ಬೆಳೆಗಾರರು, ನಾಪೋಕ್ಲು

ಮೊದಲು ಆ ಹತ್ತು ಡಾಲರನ್ನು ಲೀಟರ್ ಲೆಕ್ಕಕ್ಕೆ ತರೋಣ. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ ಒಂದು ಡಾಲರ್ ಇಳಿದಾಗ ಲೀಟರಿಗೆ ಸುಮಾರು 53 ಪೈಸೆ ತಗ್ಗಬೇಕು. ಹತ್ತು ಡಾಲರಿಗೆ 5 ರೂ. 35 ಪೈಸೆ. ರಾಜ್ಯದ ಮಾರಾಟ ತೆರಿಗೆ ಶೇಕಡಾವಾರು ಆಗಿರುವುದರಿಂದ ಅದೂ ಜೊತೆಗೆ ಇಳಿಯಬೇಕು. ಎಲ್ಲವೂ ಗ್ರಾಹಕನಿಗೆ ತಲುಪಿದ್ದರೆ ಪೆಟ್ರೋಲ್ ಲೀಟರಿಗೆ ಏಳು ರೂಪಾಯಿಯಷ್ಟು ಅಗ್ಗವಾಗಬೇಕಿತ್ತು. ಆದ್ದರಿಂದ ನಿಮ್ಮ ಸಿಟ್ಟಿಗೆ ಆಧಾರವಿದೆ.

ಈಗ ಬೋರ್ಡಿನ ದರವನ್ನು ಬಿಡಿಸಿ ನೋಡಿ. ಕರ್ನಾಟಕದಲ್ಲಿ ಪೆಟ್ರೋಲ್ ಸುಮಾರು 103 ರೂಪಾಯಿ ಇರುವಾಗ ಕೇಂದ್ರದ ಅಬಕಾರಿ ಸುಂಕ 21 ರೂ. 90 ಪೈಸೆ, ರಾಜ್ಯದ ಮಾರಾಟ ತೆರಿಗೆ (ಅದು ಸೇರುವ ಮುಂಚಿನ ಮೊತ್ತದ ಮೇಲೆ) ಶೇ. 29.84ರಂತೆ ಸುಮಾರು 23 ರೂ. 65 ಪೈಸೆ, ಡೀಲರ್ ಕಮಿಷನ್ ನಾಲ್ಕೂವರೆ ರೂಪಾಯಿಯೊಳಗೆ. ಉಳಿದ 53 ರೂಪಾಯಿ ಆಸುಪಾಸಿನ ಮೊತ್ತದಲ್ಲಿ ಕಚ್ಚಾ ತೈಲ, ಸಂಸ್ಕರಣೆ, ಸಾಗಣೆ, ಕಂಪನಿಯ ಲಾಭ ಎಲ್ಲವೂ ಸೇರಿರುತ್ತವೆ. ಅಂದರೆ ಕಚ್ಚಾ ತೈಲದ ಏರಿಳಿತ ಮುಟ್ಟುವುದು ಬೋರ್ಡಿನ ದರದ ಅರ್ಧದಷ್ಟನ್ನು ಮಾತ್ರ. ಅಬಕಾರಿ ಸುಂಕ ಲೀಟರಿಗೆ ಇಷ್ಟು ರೂಪಾಯಿ ಎಂದು ನಿಗದಿಯಾಗಿರುವುದರಿಂದ ಕಚ್ಚಾ ತೈಲ ಪಾತಾಳಕ್ಕೆ ಬಿದ್ದರೂ ಅದು ತಾನಾಗಿ ಕದಲುವುದಿಲ್ಲ.

ಕದಲದಿದ್ದರೂ ಸರಿ, ಅದು ಏರುವುದೇ ತೊಂದರೆ. ಹತ್ತು ಡಾಲರಿನ ದೊಡ್ಡ ಪಾಲು ಹೋಗುವುದು ಇಲ್ಲಿಗೆ. 2014ರ ಜೂನ್‌ನಲ್ಲಿ 115 ಡಾಲರ್ ಹತ್ತಿರವಿದ್ದ ಬ್ರೆಂಟ್ (ಜಗತ್ತಿನ ತೈಲ ದರಕ್ಕೆ ಅಳತೆಗೋಲಾಗಿ ನೋಡುವ ಕಚ್ಚಾ ತೈಲ) 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಂತು. ಅದೇ ಅವಧಿಯಲ್ಲಿ, 2014ರ ನವೆಂಬರಿನಿಂದ ಆರಂಭಿಸಿ, ಕೇಂದ್ರವು ಅಬಕಾರಿ ಸುಂಕವನ್ನು ಒಂಬತ್ತು ಬಾರಿ ಏರಿಸಿತು. ಪೆಟ್ರೋಲ್ ಮೇಲೆ 9 ರೂ. 48 ಪೈಸೆ ಇದ್ದದ್ದು 21 ರೂ. 48 ಪೈಸೆಯಾಯಿತು, ಡೀಸೆಲ್ ಮೇಲೆ 3 ರೂ. 56 ಪೈಸೆ ಇದ್ದದ್ದು 17 ರೂ. 33 ಪೈಸೆ. 2020ರಲ್ಲಿ ತೈಲ ಕುಸಿಯತೊಡಗಿದಾಗ ಮಾರ್ಚ್ 14ರಂದು ಸುಂಕ ಮೂರು ರೂಪಾಯಿ ಏರಿತು. ಲಾಕ್‌ಡೌನ್ ಹೊತ್ತಿಗೆ, ಏಪ್ರಿಲಿನಲ್ಲಿ, ತೈಲ 20 ಡಾಲರಿಗೂ ಕೆಳಗಿಳಿದ ಮೇಲೆ ಮೇ 6ರಿಂದ ಪೆಟ್ರೋಲಿಗೆ ಮತ್ತೆ ಹತ್ತು, ಡೀಸೆಲಿಗೆ ಹದಿಮೂರು ರೂಪಾಯಿ ಸೇರಿತು. ಅದೇ ವರ್ಷದ ಏಪ್ರಿಲಿನಿಂದ ರಾಜ್ಯವೂ ಪೆಟ್ರೋಲ್ ತೆರಿಗೆಯನ್ನು ಶೇ. 32ರಿಂದ 35ಕ್ಕೆ, ಡೀಸೆಲ್ ತೆರಿಗೆಯನ್ನು ಶೇ. 21ರಿಂದ 24ಕ್ಕೆ ಏರಿಸಿತ್ತು. 2025ರ ಏಪ್ರಿಲ್ 1ರಿಂದ ಕರ್ನಾಟಕವು ಡೀಸೆಲ್ ತೆರಿಗೆಯನ್ನು ಶೇ. 21.17ಕ್ಕೆ ಹೆಚ್ಚಿಸಿತು. ವಾರದೊಳಗೆ, ಬ್ರೆಂಟ್ 60 ಡಾಲರಿನತ್ತ ಜಾರುತ್ತಿದ್ದಾಗ, ಕೇಂದ್ರ ಎರಡೂ ಇಂಧನಗಳ ಮೇಲೆ ತಲಾ ಎರಡು ರೂಪಾಯಿ ಸುಂಕ ಹಾಕಿತು. ಕೇಂದ್ರ ಸುಂಕ ಏರಿಸಿದ ದಿನ ಬಂಕಿನ ದರ ಏರಲಿಲ್ಲ, ನಿಜ. ಗ್ರಾಹಕನಿಗೆ ಸಿಗಬೇಕಿದ್ದ ಇಳಿಕೆಯಿಂದಲೇ ಅದನ್ನು ಮುರಿದುಕೊಂಡದ್ದರಿಂದ ಏರುವ ಅಗತ್ಯ ಬರಲಿಲ್ಲ.

ಎರಡನೆಯ ಪಾಲು ತೈಲ ಕಂಪನಿಗಳದು. 2017ರ ಜೂನ್ 16ರಿಂದ ದೇಶದಾದ್ಯಂತ ಪ್ರತಿದಿನ ಬೆಳಿಗ್ಗೆ ಆರಕ್ಕೆ ದರ ಪರಿಷ್ಕರಣೆ ಎಂಬ ವ್ಯವಸ್ಥೆ ಬಂತು. ಕಾಗದದಲ್ಲಿ ಅದು ಇಂದಿಗೂ ಇದೆ. ಆದರೆ 2021ರ ನವೆಂಬರ್ 4ರಿಂದ 2022ರ ಮಾರ್ಚ್ 21ರವರೆಗೆ ದರ ಅಲುಗಾಡಲಿಲ್ಲ. ಮಾರ್ಚ್ 22ರಿಂದ ಹದಿನಾರು ದಿನಗಳಲ್ಲಿ ಹದಿನಾಲ್ಕು ಬಾರಿ ಏರಿ ಲೀಟರಿಗೆ ಹತ್ತು ರೂಪಾಯಿ ಹೆಚ್ಚಾಯಿತು. ಆಮೇಲೆ ಕಂಪನಿಗಳು ಮತ್ತೆ ದರವನ್ನು ಹಿಡಿದಿಟ್ಟವು. ಆ ವರ್ಷದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಸರ್ಕಾರಿ ಕಂಪನಿಗಳು ಸೇರಿ 21,200 ಕೋಟಿ ರೂಪಾಯಿ ನಷ್ಟ ತೋರಿಸಿದವು. ತೈಲ ಅಗ್ಗವಾದಾಗ ಆ ನಷ್ಟ ತುಂಬಿಕೊಳ್ಳುವುದು ಮೊದಲಾಯಿತು. 2023–24ರಲ್ಲಿ ಅವೇ ಕಂಪನಿಗಳ ಒಟ್ಟು ಲಾಭ ಸುಮಾರು 81,000 ಕೋಟಿ. ಗ್ರಾಹಕನಿಗೆ ಅವು ತಮ್ಮ ಕಡೆಯಿಂದ ಬಿಟ್ಟುಕೊಟ್ಟದ್ದು 2024ರ ಮಾರ್ಚ್ 15ರಂದು, ಎರಡು ರೂಪಾಯಿ. ಬೆಲೆ ಗಗನಕ್ಕೇರಿದಾಗ ನಮ್ಮನ್ನು ಕಾಪಾಡಿದ್ದಕ್ಕೆ ಬದಲಾಗಿ ಇಳಿದಾಗ ವಸೂಲಿ ಮಾಡುವುದು ಅನ್ಯಾಯವೆಂದು ನಾವು ಹೇಳುವುದಿಲ್ಲ. ಆದರೆ ಎಷ್ಟು ನಷ್ಟ ಬಾಕಿ ಇತ್ತು, ಎಂದಿಗೆ ತೀರಿತು ಎಂಬ ಲೆಕ್ಕ ಪ್ರತಿ ತಿಂಗಳು ಜನರ ಮುಂದೆ ಬರಬೇಕು. ದಿನವಹಿ ಪರಿಷ್ಕರಣೆ ಎರಡೂ ದಿಕ್ಕಿಗೆ ನಡೆಯಲಿ; ನಡೆಸುವುದಿಲ್ಲವೆಂದರೆ ಅದನ್ನು ಕೈಬಿಟ್ಟಿದ್ದೇವೆಂದು ಸರ್ಕಾರ ಬಾಯಿಬಿಟ್ಟು ಹೇಳಲಿ.

ಇನ್ನುಳಿದವು ಸಣ್ಣ ಸೋರಿಕೆಗಳು. ಟಿವಿಯಲ್ಲಿ ಕಾಣುವುದು ಬ್ರೆಂಟ್ ದರ. ಭಾರತ ಕೊಳ್ಳುವ ತೈಲಕ್ಕೆ ಒಮಾನ್, ದುಬೈ ದರಗಳ ಪಾಲು ದೊಡ್ಡದಾದ ಬೇರೆಯೇ ಸರಾಸರಿ ಇದೆ. ಇಲ್ಲಿನ ದರ ನಿಗದಿಗೆ ನೋಡುವುದು ಕಚ್ಚಾ ತೈಲವನ್ನಲ್ಲ, ಕೊಲ್ಲಿ ಮಾರುಕಟ್ಟೆಯ ಸಿದ್ಧ ಪೆಟ್ರೋಲ್, ಡೀಸೆಲ್ ಬೆಲೆಯನ್ನು. 2022ರಲ್ಲಿ ಕಚ್ಚಾ ತೈಲಕ್ಕಿಂತ ಸಿದ್ಧ ಡೀಸೆಲ್ ಬ್ಯಾರೆಲಿಗೆ 40 ಡಾಲರಿಗೂ ಹೆಚ್ಚು ದುಬಾರಿಯಾದ ದಿನಗಳಿದ್ದವು. ರೂಪಾಯಿ ಕುಸಿದರೆ ಇನ್ನಷ್ಟು ಹೋಗುತ್ತದೆ: ತೈಲ 60 ಡಾಲರಿನಲ್ಲೇ ನಿಂತು ಡಾಲರ್ 85ರಿಂದ 88 ರೂಪಾಯಿಗೆ ಬಂದರೆ ಲೀಟರಿಗೆ 1 ರೂ. 13 ಪೈಸೆ ಹೆಚ್ಚಾಗುತ್ತದೆ. ಇನ್ನು ಪೆಟ್ರೋಲಿನಲ್ಲಿ ಈಗ ಶೇ. 20ರಷ್ಟು ಎಥೆನಾಲ್ ಇದೆ. ಅದರ ಖರೀದಿ ದರ ಕಚ್ಚಾ ತೈಲದ ಜೊತೆ ಏರಿಳಿಯುವುದಿಲ್ಲ. 2024–25ರಲ್ಲಿ ಕಬ್ಬಿನ ರಸದ ಎಥೆನಾಲಿಗೆ ಲೀಟರಿಗೆ 65 ರೂ. 61 ಪೈಸೆ, ಮೆಕ್ಕೆಜೋಳದ್ದಕ್ಕೆ 71 ರೂ. 86 ಪೈಸೆ. ಹಾಗಾಗಿ ತೈಲ ಅಗ್ಗವಾದರೂ ಪ್ರತಿ ಲೀಟರ್ ಪೆಟ್ರೋಲಿನ ಐದನೇ ಒಂದು ಭಾಗ ಅಗ್ಗವಾಗುವುದಿಲ್ಲ.

ಹೊರದೇಶಗಳಲ್ಲೂ ಇದೇ ದೂರು ಇದೆ. ರಾಬರ್ಟ್ ಬೇಕನ್ ಎಂಬ ಅರ್ಥಶಾಸ್ತ್ರಜ್ಞರು 1991ರಲ್ಲಿ ಬ್ರಿಟನ್ನಿನ ದರಗಳನ್ನು ಪರಿಶೀಲಿಸಿ, ಏರುವಾಗ ರಾಕೆಟಿನಂತೆ, ಇಳಿಯುವಾಗ ಹಕ್ಕಿಯ ಗರಿಯಂತೆ ಎಂದು ಬಣ್ಣಿಸಿದ್ದರು. ಆದರೆ ಅಲ್ಲಿ ದರ ಬರೆಯುವುದು ಆಯಾ ಬಂಕು ಅಥವಾ ಕಂಪನಿ. ನಮ್ಮಲ್ಲಿ ಮಾರುಕಟ್ಟೆಯ ಬಹುಪಾಲು ಮೂರು ಸರ್ಕಾರಿ ಕಂಪನಿಗಳ ಕೈಯಲ್ಲಿರುವುದರಿಂದ ಎದುರು ರಸ್ತೆಯ ಬಂಕಿನ ಪೈಪೋಟಿ ದರವನ್ನು ಇಳಿಸುವುದಿಲ್ಲ.

ಪ್ರಶ್ನೆ: ದರ ಇಳಿಯುವ ಸುದ್ದಿ ಬಂದ ದಿನವೇ ನಮ್ಮ ಬಂಕಿನಲ್ಲಿ "ಸ್ಟಾಕ್ ಇಲ್ಲ" ಎಂಬ ಬೋರ್ಡು. ಬಂಕಿನವರೇ ಆಟವಾಡುತ್ತಿದ್ದಾರೆಯೇ? – ಪಿಕಪ್ ಚಾಲಕರು, ಸೋಮವಾರಪೇಟೆ

ಸರ್ಕಾರಿ ಕಂಪನಿಗಳ ಬಂಕಿನಲ್ಲಿ ದರ ನಿಗದಿಯ ಅಧಿಕಾರ ಡೀಲರಿಗಿಲ್ಲ. ಅವರು ಲೋಡಿಗೆ ಮುಂಗಡ ಹಣ ಕಟ್ಟುತ್ತಾರೆ. 12,000 ಲೀಟರಿನ ಟ್ಯಾಂಕರ್ ಸಂಜೆ ಇಳಿದು, ಬೆಳಿಗ್ಗೆ ಆರಕ್ಕೆ ದರ ಎರಡು ರೂಪಾಯಿ ತಗ್ಗಿದರೆ ನೆಲದಡಿಯ ಟ್ಯಾಂಕಿನಲ್ಲಿದ್ದ ದಾಸ್ತಾನಿಗೆ 24,000 ರೂಪಾಯಿ ಖೋತಾ. 2022ರ ಮೇ 22ರಂದು ಅಬಕಾರಿ ಸುಂಕ ಪೆಟ್ರೋಲಿಗೆ ಎಂಟು, ಡೀಸೆಲಿಗೆ ಆರು ರೂಪಾಯಿ ಇಳಿದಾಗ ಈ ಹೊಡೆತ ಹಲವು ಪಟ್ಟು ದೊಡ್ಡದಿತ್ತು. ಅದಕ್ಕೇ ಇಳಿಕೆಯ ಗಾಳಿಸುದ್ದಿ ಎದ್ದಾಗ ಸಣ್ಣ ಬಂಕುಗಳು ಲೋಡ್ ಹಾಕಿಸುವುದನ್ನು ಮುಂದೂಡುತ್ತವೆ. ಕೊಡಗಿಗೆ ರೈಲು ಮಾರ್ಗವಿಲ್ಲ, ಇಂಧನವೆಲ್ಲ ಟ್ಯಾಂಕರ್ ಲಾರಿಯಲ್ಲೇ ಬರಬೇಕು; ಹೀಗಾಗಿ ಒಂದು ದಿನ ಮುಂದೂಡಿದರೂ ಟ್ಯಾಂಕ್ ಬರಿದಾಗುತ್ತದೆ. ಆದರೆ ದಾಸ್ತಾನು ಇಟ್ಟುಕೊಂಡೇ ಮಾರುವುದಿಲ್ಲ ಎಂದರೆ ಅದು ತಪ್ಪು. ಬಂಕಿನಲ್ಲಿರುವ ದೂರು ಪುಸ್ತಕದಲ್ಲಿ ದಿನಾಂಕ, ಗಂಟೆ ಸಮೇತ ಬರೆಯಿರಿ.

ಪ್ರಶ್ನೆ: ಮಾಕುಟ್ಟದ ಕೇರಳ ಗಡಿ ದಾಟಿದರೆ ದರವೇ ಬೇರೆ. ಕೇರಳದ ಗಾಡಿಗಳು ಇಲ್ಲಿಗೆ ಬಂದು ತುಂಬಿಸುತ್ತವೆ. ತೈಲ ಒಂದೇ ಅಲ್ಲವೇ? – ವ್ಯಾಪಾರಿ, ವಿರಾಜಪೇಟೆ

ತೈಲ ಒಂದೇ, ರಾಜ್ಯದ ತೆರಿಗೆ ಬೇರೆ. ಕೇರಳದಲ್ಲಿ ಪೆಟ್ರೋಲಿಗೆ ಶೇ. 30.08, ಡೀಸೆಲಿಗೆ ಶೇ. 22.76, ಅದರ ಮೇಲೆ ಲೀಟರಿಗೆ ಒಂದು ರೂಪಾಯಿ ಹೆಚ್ಚುವರಿ ತೆರಿಗೆ, 2023ರ ಏಪ್ರಿಲಿನಿಂದ ಎರಡು ರೂಪಾಯಿ ಸಾಮಾಜಿಕ ಭದ್ರತಾ ಸೆಸ್. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿದ ಮೇಲೆ ಈ ಅಂತರ ಕಿರಿದಾಯಿತು.

ಪ್ರಶ್ನೆ: ಫೆಬ್ರುವರಿಯಲ್ಲಿ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕು. ದರ ಇಳಿಯಬಹುದೆಂದು ಕಾಯಲೇ, ಈಗಲೇ ಡ್ರಮ್ಮಿನಲ್ಲಿ ಡೀಸೆಲ್ ತುಂಬಿಡಲೇ? – ಬೆಳೆಗಾರರು, ಪೊನ್ನಂಪೇಟೆ

ಕಾಯಬೇಡಿ. ಡೀಸೆಲ್ ಎಂಜಿನ್ ಪೂರ್ಣ ಭಾರದಲ್ಲಿ ಪ್ರತಿ 10 ಎಚ್‌ಪಿಗೆ ಗಂಟೆಗೆ ಸುಮಾರು 2 ಲೀಟರ್ ಕುಡಿಯುತ್ತದೆ. 30 ಎಚ್‌ಪಿ ಪಂಪ್ ದಿನಕ್ಕೆ ಹತ್ತು ಗಂಟೆಯಂತೆ ಹತ್ತು ದಿನ ಓಡಿದರೆ 600 ಲೀಟರ್. ದರ ಎರಡು ರೂಪಾಯಿ ಇಳಿದರೂ ಉಳಿಯುವುದು 1,200 ರೂಪಾಯಿ. ಹೂ ಅರಳಿಸುವ ನೀರು ಒಂದು ವಾರ ತಡವಾದರೆ ಫಸಲಿನಲ್ಲಿ ಆಗುವ ನಷ್ಟದ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಪೈಪಿನ ಕಪ್ಲಿಂಗುಗಳಲ್ಲಿ ಹಳೆಯ ರಬ್ಬರ್ ವಾಷರಿನಿಂದ ನೀರು ಚಿಮ್ಮಿ, ಫುಟ್‌ವಾಲ್ವಿನ ಜಾಲರಿಗೆ ಎಲೆ ಕಟ್ಟಿ ಶೇ. 10ರಷ್ಟು ಪೋಲಾದರೆ 60 ಲೀಟರ್, ಅಂದರೆ ಲೀಟರಿಗೆ 91 ರೂಪಾಯಿಯಂತೆ 5,460 ರೂಪಾಯಿ ಹೋಯಿತು. ವಾಷರ್ ಬದಲಿಸಿ, ಏರ್ ಫಿಲ್ಟರ್ ಶುಚಿ ಮಾಡಿ, ನಾಜಲ್ ಸವೆದಿದೆಯೇ ನೋಡಿ. ಉಳಿತಾಯ ಅಲ್ಲಿದೆ.

ತುಂಬಿಡುವುದಾದರೆ: ಸ್ವಂತ ಬಳಕೆಗೆ ಲೈಸೆನ್ಸ್ ಇಲ್ಲದೆ 2,500 ಲೀಟರ್‌ವರೆಗೆ ಡೀಸೆಲ್ ಇಡಬಹುದು, ಯಾವ ಪಾತ್ರೆಯೂ 1,000 ಲೀಟರ್ ಮೀರಬಾರದು. ಪೆಟ್ರೋಲಿಗೆ ಮಿತಿ ಬರೀ 30 ಲೀಟರ್. ಕೊಡಗಿನ ತೇವದಲ್ಲಿ ಅರ್ಧ ಖಾಲಿ ಡ್ರಮ್ಮಿನ ಒಳಗೋಡೆಗೆ ನೀರು ಹನಿಗಟ್ಟಿ ತಳಕ್ಕಿಳಿಯುತ್ತದೆ, ಅಲ್ಲಿ ಲೋಳೆ ಬೆಳೆದು ಫಿಲ್ಟರ್ ಕಟ್ಟುತ್ತದೆ. ಡ್ರಮ್ ಭರ್ತಿಯಾಗಿರಲಿ, ನೆರಳಿನಲ್ಲಿ ಹಲಗೆಯ ಮೇಲಿರಲಿ. ತೆಗೆಯುವ ಮುನ್ನ ಒಂದು ದಿನ ಅಲುಗಿಸಬೇಡಿ, ತಳದ ಎರಡು ಇಂಚು ಬಿಟ್ಟು ಹೀರಿಕೊಳ್ಳಿ. ಕಳೆ ಹೊಡೆಯುವ ಯಂತ್ರದ ಪೆಟ್ರೋಲನ್ನಂತೂ ತಿಂಗಳಿಗಿಂತ ಹೆಚ್ಚು ಇಡಬೇಡಿ. ಅದರಲ್ಲಿನ ಎಥೆನಾಲ್ ತೇವ ಹೀರಿ ಬೇರ್ಪಟ್ಟರೆ ಕಾರ್ಬ್ಯುರೇಟರ್ ಕೆಡುತ್ತದೆ.

ಪ್ರಶ್ನೆ: ಡೀಸೆಲ್ ಏರಿದಾಗ ಲಾರಿ ಬಾಡಿಗೆ ಏರಿಸುತ್ತಾರೆ, ಇಳಿದಾಗ ಇಳಿಸುವುದಿಲ್ಲ. ಕಾಫಿ ಮಂಗಳೂರಿಗೆ ಕಳಿಸುವ ನಮಗೆ ದಾರಿಯೇನು? – ಕಾಫಿ ವ್ಯಾಪಾರಿ, ಕುಶಾಲನಗರ

ಒಪ್ಪಂದದಲ್ಲೇ ಡೀಸೆಲ್ ಷರತ್ತು ಬರೆಸಿ. ಹೋಗಿ ಬರಲು 340 ಕಿ.ಮೀ., ಲೀಟರಿಗೆ 4 ಕಿ.ಮೀ. ಎಂದು ಒಪ್ಪಿಕೊಂಡರೆ ಒಂದು ಟ್ರಿಪ್ಪಿಗೆ 85 ಲೀಟರ್. ಆಗ ಡೀಸೆಲ್ ಒಂದು ರೂಪಾಯಿ ಬದಲಾದರೆ ಬಾಡಿಗೆ 85 ರೂಪಾಯಿ ಏರಬೇಕು ಅಥವಾ ಇಳಿಯಬೇಕು. ಡೀಸೆಲ್ ಶೇ. 5 ಇಳಿಯಿತೆಂದು ಇಡೀ ಬಾಡಿಗೆಯಲ್ಲಿ ಶೇ. 5 ಕೇಳಿದರೆ ಲಾರಿಯವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ; ಟೈರು, ಚಾಲಕರ ಸಂಬಳ, ವಿಮೆ ಯಾವುದೂ ಇಳಿದಿರುವುದಿಲ್ಲ. ಮೂಲ ದರ, ಅದರ ದಿನಾಂಕ, ಯಾವ ಊರಿನ ಬಂಕು ಎಂಬುದನ್ನು ನಮೂದಿಸಿ. ಲೋಡ್ ಆಗುವ ದಿನ ಬೆಳಿಗ್ಗೆ ಆರರ ದರವೇ ಲೆಕ್ಕಕ್ಕೆ ಎಂದು ಬರೆಯಿರಿ. ಚಿಲ್ಲರೆ ಜಗಳ ಬೇಡವೆಂದರೆ ಬದಲಾವಣೆ ಒಂದು ರೂಪಾಯಿ ದಾಟಿದಾಗ ಮಾತ್ರ ಜಾರಿ ಎನ್ನಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ಗೊತ್ತೇ ಇದೆ. ಅಂಥ ಮಳೆಗಾಲಕ್ಕೆ ಬದಲಿ ದಾರಿ ಯಾವುದು, ಅದರ ಕಿ.ಮೀ. ಎಷ್ಟು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ.