ತಮ್ಮನ ಸಾವು, ಅಣ್ಣನ ಲೆಕ್ಕ

ಇಲ್ಲಿ ಜಯರಾಜ್ ಎಂದು ಕರೆದಿರುವವರ ಹೆಸರು, ಬಡಾವಣೆ, ಉದ್ಯೋಗ ಎಲ್ಲವನ್ನೂ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಐವತ್ತರ ಆಸುಪಾಸಿನ ವಯಸ್ಸು, ಬೆಂಗಳೂರಿನ ಉತ್ತರ ಭಾಗದಲ್ಲಿ ಮನೆ, ಕನ್ನಡ ಕ್ರೈಸ್ತ ಸಭೆಯೊಂದರಲ್ಲಿ ಪ್ರತಿ ಭಾನುವಾರ ಕಾಣಿಕೆ ಎಣಿಸುವ ಜವಾಬ್ದಾರಿ. ಮೇ ತಿಂಗಳ ಒಂದು ಸಂಜೆ, ಗಾಳಿಮಳೆಗೆ ಗುಲ್‌ಮೊಹರ್ ಮರ ಉರುಳಿ, ಸ್ಕೂಟರಿನಲ್ಲಿ ಮನೆಗೆ ಹೊರಟಿದ್ದ ಅವರ ತಮ್ಮ ಸ್ಥಳದಲ್ಲೇ ತೀರಿಕೊಂಡರು. ಹಿಂದೆ ಹೆಂಡತಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು ಉಳಿದರು.

ಜಯರಾಜ್ ನನ್ನ ಬಳಿ ಆಪ್ತಸಲಹೆಗೆ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಕುಳಿತ ಮೇಲೆ ಬೇರೆಯದೇ ಹೊರಬಂತು. "ಪಾಪ ಮಾಡಿದವನು ನಾನು. ಸತ್ತವನು ಅವನು. ಮುಂದಿನ ಸರದಿ ನನ್ನ ಮಕ್ಕಳದು."

ನಲವತ್ತನೆಯ ದಿನದ ಪ್ರಾರ್ಥನೆಯಲ್ಲಿ ಹಿರಿಯರೊಬ್ಬರು ಎಲ್ಲರ ಎದುರಿಗೆ, "ಈ ಕುಟುಂಬದಲ್ಲಿ ಬಚ್ಚಿಟ್ಟ ಪಾಪವಿದೆ, ದೇವರು ಎಚ್ಚರಿಕೆ ಕೊಟ್ಟಿದ್ದಾರೆ" ಎಂದಿದ್ದರಂತೆ. ಸಾವಿನ ಮನೆಯಲ್ಲಿ ಹೀಗೆ ದೇವರ ಪರವಾಗಿ ವರದಿ ಒಪ್ಪಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೈಬಲಿನಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಬಾಯಿ ಮುಚ್ಚಿಕೊಂಡು ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಹೇಳಿದ್ದಕ್ಕೆಲ್ಲ ಯೋಬನ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ದೇವರಿಂದಲೇ ಬೈಸಿಕೊಂಡರು.

ಆದರೆ ಈ ಮನೆಯಲ್ಲಿ ಬಚ್ಚಿಟ್ಟದ್ದು ಇತ್ತು. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು. ತಾಯಿ ಅದಕ್ಕೂ ಮೊದಲೇ. ಮನೆ ಅಣ್ಣತಮ್ಮಂದಿರಿಗೆ ಸಮಪಾಲು ಸೇರಬೇಕಿತ್ತು. ತಮ್ಮ ಸಾಲದಲ್ಲಿ ಮುಳುಗಿದ್ದ ಸಮಯ ನೋಡಿ ಜಯರಾಜ್, ಅವನ ಪಾಲಿನ ಅರ್ಧ ಬೆಲೆಯನ್ನೂ ಕೊಡದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. "ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆರಳಿನ ಶಾಯಿ ಒರೆಸಿಕೊಳ್ಳಲು ನನ್ನದೇ ಕರವಸ್ತ್ರ ಕೊಟ್ಟೆ. ಥ್ಯಾಂಕ್ಸ್ ಅಣ್ಣ ಎಂದ" ಎಂದು ಹೇಳಿ ಬಹಳ ಹೊತ್ತು ಸುಮ್ಮನಾದರು.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿದೆ. ತಮ್ಮನ ಬದಲು ತಾನು ಹೋಗಬಾರದಿತ್ತೇ ಎನ್ನಿಸುತ್ತದೆ, ಅಷ್ಟೇ ಎಂದರು. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಮೊಬೈಲಿನಲ್ಲಿ ಉಳಿಸಿಕೊಟ್ಟೆ. ನಿದ್ದೆಗಾಗಿ ಮನೋವೈದ್ಯರ ಬಳಿ ಕಳುಹಿಸಿದೆ. ಪ್ರಾರ್ಥಿಸುವವರು ಮಾತ್ರೆ ನುಂಗಬಾರದೆಂಬ ನಂಬಿಕೆ ನಮ್ಮ ಸಭೆಗಳಲ್ಲಿ ಇನ್ನೂ ಇದೆ, ಅದನ್ನು ಕಳಚಲು ಒಂದು ಭೇಟಿ ಪೂರ್ತಿ ಹಿಡಿಯಿತು.

ಆಮೇಲೆ ಲೂಕನ ಸುವಾರ್ತೆಯ 13ನೇ ಅಧ್ಯಾಯವನ್ನು ಅವರಿಂದಲೇ ಓದಿಸಿದೆ. ಬಲಿಯರ್ಪಿಸುತ್ತಿದ್ದ ಗಲಿಲಾಯದವರನ್ನು ರೋಮನ್ ಅಧಿಪತಿ ಪಿಲಾತ ಕೊಲ್ಲಿಸಿದ ಸುದ್ದಿಯನ್ನು ಜನ ಯೇಸುವಿಗೆ ತಂದು ಹೇಳುತ್ತಾರೆ. ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿಯ ಮಾತನ್ನು ಯೇಸುವೇ ತೆಗೆಯುತ್ತಾರೆ. ಸತ್ತವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇ? ಅಲ್ಲ. ಬುರುಜು ಏಕೆ ಬಿತ್ತು ಎಂಬುದಕ್ಕೆ ಅಲ್ಲಿ ವಿವರಣೆಯೂ ಇಲ್ಲ. ನೀವು ಪಶ್ಚಾತ್ತಾಪಪಡದಿದ್ದರೆ ನಿಮಗೂ ನಾಶವೇ ಎಂದು ಕೇಳುತ್ತಿರುವವರ ಕಡೆಗೆ ತಿರುಗುತ್ತಾರೆ.

"ನೋಡಿದಿರಾ, ಬೆದರಿಕೆ ಇಲ್ಲೇ ಇದೆ" ಎಂದರು ಜಯರಾಜ್. ಮುಂದಿನ ಸಾಲುಗಳನ್ನೂ ಓದಲು ಹೇಳಿದೆ. ಮೂರು ವರ್ಷದಿಂದ ಫಲ ಕೊಡದ ಅಂಜೂರದ ಮರವನ್ನು ಕಡಿದುಹಾಕು ಎನ್ನುವ ಯಜಮಾನನಿಗೆ ತೋಟಗಾರ, ಇದೊಂದು ವರ್ಷ ಬಿಡಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಬೆದರಿಕೆ ಎಂದು ಅವರು ಹೇಳಿದ ಮಾತಿನ ಬೆನ್ನಿಗೇ ಬರುವ ಕಥೆ ಇದು, ಕೊಟ್ಟಿರುವ ಸಮಯದ ಕಥೆ.

ನಾನು ಹೇಳಿದ್ದು ಇಷ್ಟು: ತಮ್ಮನ ಸಾವು ಒಂದು ವಿಷಯ, ಬಿಡುಗಡೆ ಪತ್ರ ಇನ್ನೊಂದು. ಮರ ಬಿದ್ದದ್ದಕ್ಕೆ ಚರಂಡಿ ಕಾಮಗಾರಿಯವರು ಕಡಿದ ಬೇರು, ಬುಡದವರೆಗೆ ಸುರಿದ ಕಾಂಕ್ರೀಟು, ಅಂದಿನ ಗಾಳಿ ಇವೆ. ಅದನ್ನು ವಿಚಾರಿಸಬೇಕಾದವರನ್ನು ವಿಚಾರಿಸಿ, ಪರಿಹಾರಕ್ಕೆ ಅರ್ಜಿ ಹಾಕಲು ತಮ್ಮನ ಹೆಂಡತಿಗೆ ನೆರವಾಗಿ. ಮಾಳಿಗೆಗೆ ಗೋಡೆ ಕಟ್ಟದೆ ಯಾರಾದರೂ ಬಿದ್ದರೆ ಆ ರಕ್ತಾಪರಾಧ ಮನೆಯವರದು ಎಂದು ಬೈಬಲಿನ ಧರ್ಮೋಪದೇಶಕಾಂಡ 22 ಹೇಳುತ್ತದೆ. ಎಲ್ಲವನ್ನೂ ದೇವರ ಲೆಕ್ಕಕ್ಕೆ ಬರೆದರೆ ಬೇರು ಕಡಿದವರು ಸುಖವಾಗಿರುತ್ತಾರೆ.

ಬಿಡುಗಡೆ ಪತ್ರ ಮಾತ್ರ ನಿಮ್ಮದೇ. ತಮ್ಮ ಇಂದು ಬದುಕಿದ್ದರೂ ನೀವು ಅದಕ್ಕೆ ಪಶ್ಚಾತ್ತಾಪಪಡಬೇಕಿತ್ತು.

ಇದು ಅವರಿಗೆ ಹಿಡಿಸಲಿಲ್ಲ. ಶುಕ್ರವಾರಗಳ ಉಪವಾಸ ನಡೆದಿತ್ತು, ಪ್ರೊಟೆಸ್ಟೆಂಟರಾಗಿದ್ದರೂ ಶಿವಾಜಿನಗರದ ಮರಿಯಮ್ಮನವರ ಬೆಸಿಲಿಕಾಕ್ಕೆ ಹೋಗಿ ಮೇಣದಬತ್ತಿ ಹಚ್ಚಿ ಬಂದಿದ್ದರು, ಕಾಣಿಕೆಯನ್ನೂ ಹೆಚ್ಚಿಸಿದ್ದರು. ಹಣ ಮಾತ್ರ ಎಲ್ಲಿರಬೇಕೋ ಅಲ್ಲಿಗೆ ಹೋಗಿರಲಿಲ್ಲ. 'ನನ್ನಿಂದಲೇ ಅವನು ಸತ್ತ' ಎಂಬ ದೊಡ್ಡ ಅಪರಾಧಕ್ಕೆ ಪರಿಹಾರವೇ ಇಲ್ಲ, ಆದ್ದರಿಂದ ಏನನ್ನೂ ಕೊಡಬೇಕಾಗಿಲ್ಲ. ಅಪರಾಧಿ ಭಾವದ ಈ ಉಪಯೋಗವನ್ನು ಆಪ್ತಸಲಹೆಯಲ್ಲಿ ಮತ್ತೆ ಮತ್ತೆ ಕಾಣುತ್ತೇನೆ. "ಅವನೇ ಇಲ್ಲ, ಇನ್ನು ಯಾರಿಗೆ ಕೊಡಲಿ?" ಎಂದೂ ಕೇಳಿದರು. ಬೈಬಲಿನ ಅರಣ್ಯಕಾಂಡ 5 ಇದನ್ನೂ ಮುಂಗಂಡಿದೆ: ಪಾಪವನ್ನು ಒಪ್ಪಿಕೊಂಡು, ಮೂಲಕ್ಕೆ ಐದನೆಯ ಒಂದು ಪಾಲು ಸೇರಿಸಿ ಹಿಂದಿರುಗಿಸಬೇಕು, ಪಡೆದುಕೊಳ್ಳಲು ಹತ್ತಿರದ ಬಂಧುವೂ ಇಲ್ಲದಿದ್ದರೆ ಮಾತ್ರ ಅದು ಯಾಜಕನಿಗೆ. ಇಲ್ಲಿ ಬಂಧುಗಳಿದ್ದಾರೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಮೂರನೇ ಒಂದು ಭಾಗ ಹೆಂಡತಿಗೆ, ಉಳಿದದ್ದು ಮಕ್ಕಳಿಗೆ. ಅದೇ ಪ್ರಮಾಣದಲ್ಲಿ ಕೊಡಿ, ವಕೀಲರ ಮೂಲಕ ಕೊಡಿ, ಸಭೆಯಲ್ಲಿ ಸಾಕ್ಷಿ ಹೇಳಲು ಹೋಗಬೇಡಿ ಎಂದೆ. ಮಕ್ಕಳ ಜೀವಕ್ಕೆ ವಿಮೆ ಎಂದುಕೊಂಡು ಕೊಟ್ಟರೆ ಅದೂ ಇನ್ನೊಂದು ಹರಕೆಯೇ ಎಂದೂ ಹೇಳಿದೆ. ಸಾವಿನ ದುಃಖಕ್ಕೆ ಬೇರೆ ಜಾಗ ಬೇಕಿತ್ತು. ಮಲಗುವ ಮುನ್ನ ಬೈಬಲಿನ ಕೀರ್ತನೆ 88 ಓದಲು ಸೂಚಿಸಿದೆ. ಕತ್ತಲೆಯಲ್ಲೇ ಮುಗಿಯುವ ಆ ಕೀರ್ತನೆಯಲ್ಲಿ ಯಾರೂ ಯಾರಿಗೂ ಕಾರಣ ಹೇಳುವುದಿಲ್ಲ.

ಕ್ರಿಸ್ಮಸ್‌ಗೆ ಮುಂಚೆ ಮೊದಲ ಕಂತು ಹೋಯಿತು. ಮಕ್ಕಳ ಪಾಲು ಅವರ ಹೆಸರಿನಲ್ಲೇ ಠೇವಣಿಯಾಯಿತು. ತಮ್ಮನ ಹೆಂಡತಿ ರಸೀದಿ ಕೊಟ್ಟರು, ಹಬ್ಬಕ್ಕೆ ಮನೆಗೆ ಬರಬೇಡಿ ಎಂದರು. ಕ್ಷಮಿಸುವಂತೆ ಸಭಾಪಾಲಕರಿಂದ ಹೇಳಿಸಲೇ ಎಂದು ಜಯರಾಜ್ ಕೇಳಿದಾಗ ಬೇಡವೆಂದೆ. ಆ ಹೆಣ್ಣುಮಗಳ ಮೇಲೆ ಇನ್ನೊಂದು ಹೊರೆ ಹೊರಿಸುವುದು ಬೇಕಿಲ್ಲ. ನಿದ್ದೆ ಸ್ವಲ್ಪ ಸುಧಾರಿಸಿದೆ. ಎರಡನೆಯ ಕಂತಿಗೆ ಅವರ ಹೆಂಡತಿಯ ವಿರೋಧವಿರುವುದರಿಂದ ಮುಂದಿನ ಭೇಟಿಗೆ ಇಬ್ಬರೂ ಬರುತ್ತಿದ್ದಾರೆ.